ಹವಾಯಿಯ ಅಹುಪುಆ ವ್ಯವಸ್ಥೆ: ನೀರನ್ನು ಯಾರು ಹಂಚುತ್ತಿದ್ದರು, ಈಗ ಏನು ಉಳಿದಿದೆ?

ಗದ್ದೆಬದು:
ಎಲ್ಲೆಡೆ ಹರಿದಾಡುತ್ತಿರುವ ಒಂದು ಚಿತ್ರವನ್ನು ನೀವೂ ನೋಡಿರಬಹುದು. ಹವಾಯಿಯ ಒಂದು ದ್ವೀಪವನ್ನು ಹೋಳುಗಳಾಗಿ ಕತ್ತರಿಸಿ ತೋರಿಸಿದ್ದಾರೆ. ಪ್ರತಿ ಹೋಳಿನ ಚೂಪು ತುದಿ ಬೆಟ್ಟದ ನೆತ್ತಿಯಲ್ಲಿ, ಅಗಲವಾದ ಬುಡ ಸಮುದ್ರದಲ್ಲಿ. ಮೇಲೆ ಕಾಡು, ನಡುವೆ ಗದ್ದೆ, ಕೆಳಗೆ ಮೀನಿನ ಕೊಳ, ಅದರಾಚೆ ಹವಳದ ದಿಬ್ಬ. ಇದಕ್ಕೆ ಅಹುಪುಆ ಎಂದು ಹೆಸರಂತೆ. ಅಲ್ಲಿನ ಮೂಲನಿವಾಸಿಗಳು ಹೀಗೆ ಶತಮಾನಗಳ ಕಾಲ ನಿಸರ್ಗದೊಂದಿಗೆ ಸಾಮರಸ್ಯದಿಂದ ಬಾಳಿದರು ಎಂದು ಅಡಿಬರಹ.

ಸಾಮರಸ್ಯ ಎಂದು ಯಾರಾದರೂ ಬರೆದರೆ ನನಗೆ ಅನುಮಾನ ಶುರುವಾಗುತ್ತದೆ. ನನ್ನ ಗದ್ದೆ ನಾಲೆಯ ಕೊನೆಯಲ್ಲಿದೆ. ನೀರಿದ್ದ ಕಡೆ ಜಗಳವಿಲ್ಲದ್ದನ್ನು ನಾನು ಕಂಡಿಲ್ಲ. ಬಲ್ಲವರು ಹೇಳಿ: ಅಲ್ಲಿ ನೀರನ್ನು ಯಾರು, ಯಾವ ಲೆಕ್ಕದಲ್ಲಿ ಹಂಚುತ್ತಿದ್ದರು? ಕೊನೆಯ ಗದ್ದೆಯವನ ಪಾಡೇನು? ಇಂದು ಅದರಲ್ಲಿ ಏನಾದರೂ ಉಳಿದಿದೆಯೇ, ಅಥವಾ ಎಲ್ಲವೂ ಪ್ರವಾಸಿಗರಿಗೆ ತೋರಿಸುವ ಚಿತ್ರವೇ?

ಕನಿಯೊಹೆಯಿಂದ:
ಕೆಲಸದ ನಿಮಿತ್ತ ಒವಾಹು ದ್ವೀಪಕ್ಕೆ ಬಂದು ನೆಲೆಸಿದವನು ನಾನು. ಇಲ್ಲಿ ಈಗಲೂ ದಿಕ್ಕು ಹೇಳುವಾಗ ಉತ್ತರ, ದಕ್ಷಿಣ ಎನ್ನುವುದು ಕಡಿಮೆ. ಬೆಟ್ಟದ ಕಡೆಗೆ ಮೌಕಾ, ಕಡಲ ಕಡೆಗೆ ಮಕಾಯ್. ಪೆಟ್ರೋಲ್ ಬಂಕ್ ಎಲ್ಲಿದೆ ಎಂದು ಕೇಳಿದರೂ "ಮಕಾಯ್ ಬದಿಗೆ" ಎಂಬ ಉತ್ತರ ಸಿಗುತ್ತದೆ. ಆದ್ದರಿಂದ ಆ ಚಿತ್ರ ಪೂರ್ತಿ ಕಟ್ಟುಕತೆ ಎನ್ನಲಾರೆ.

ದ್ವೀಪವನ್ನು ಮೊಕು ಎಂಬ ದೊಡ್ಡ ಭಾಗಗಳಾಗಿ, ಮೊಕುವನ್ನು ಅಹುಪುಆಗಳಾಗಿ, ಅದನ್ನು ಇನ್ನೂ ಸಣ್ಣ ತುಂಡುಗಳಾಗಿ ವಿಂಗಡಿಸಿದ್ದರು. ಒಂದು ಅಹುಪುಆ ಎಂದರೆ ಹೆಚ್ಚಾಗಿ ಒಂದು ಹೊಳೆಯ ಕಣಿವೆ. ದೋಣಿಗೆ ಬೇಕಾದ ಮರ ಮೇಲಿನ ಕಾಡಿನಲ್ಲಿ, ಊಟ ನಡುವಿನ ಗದ್ದೆಯಲ್ಲಿ, ಮೀನು ಮತ್ತು ಉಪ್ಪು ಕೆಳಗೆ. ಅದನ್ನು ನೋಡಿಕೊಳ್ಳುವವನು ಕೊನೊಹಿಕಿ. ಅಲಿಇ ಎಂಬ ಒಡೆಯರ ಪರವಾಗಿ ಕಾಡಿನಲ್ಲಿ ಯಾವಾಗ ಕಡಿಯಬೇಕು, ಕಡಲಲ್ಲಿ ಯಾವ ಮೀನಿಗೆ ಯಾವಾಗ ನಿಷೇಧ, ನಾಲೆಯ ಕೆಲಸಕ್ಕೆ ಯಾರು ಬರಬೇಕು ಎಂಬುದನ್ನೆಲ್ಲ ಅವನೇ ನಿರ್ಧರಿಸುತ್ತಿದ್ದ.

ಈಗ ನೀರಿನ ವಿಷಯ. ಅವರ ಮುಖ್ಯ ಬೆಳೆ ಕಲೊ, ಅಂದರೆ ನಮ್ಮ ಕೆಸುವೇ. ಲೊಯಿ ಎಂಬ ಗದ್ದೆಗಳಲ್ಲಿ ನಿಂತ ನೀರಿನಲ್ಲಿ ಬೆಳೆಯುತ್ತಾರೆ. ನಿಂತ ನೀರು ಎಂದೆ, ನಿಜಕ್ಕೂ ಅದು ನಿಲ್ಲುವುದಿಲ್ಲ. ಹೊಳೆಗೆ ಅಡ್ಡಲಾಗಿ ಕಲ್ಲು ಪೇರಿಸಿ ತಗ್ಗಿನ ಒಡ್ಡು ಕಟ್ಟುತ್ತಾರೆ. ಒಂದಷ್ಟು ನೀರು ಅದರ ಮೇಲಿಂದ, ಸಂದುಗಳಿಂದ ಹೊಳೆಯಲ್ಲೇ ಮುಂದೆ ಹೋಗುತ್ತದೆ, ಒಂದಷ್ಟು ಔವಾಯ್ ಎಂಬ ಕಾಲುವೆಗೆ ತಿರುಗುತ್ತದೆ. ಕಾಲುವೆಯಿಂದ ಮೇಲಿನ ಗದ್ದೆಗೆ, ಅಲ್ಲಿಂದ ಬದುವಿನ ಕಂಡಿಯ ಮೂಲಕ ಕೆಳಗಿನದಕ್ಕೆ, ಹೀಗೆ ಇಳಿಯುತ್ತ ಕೊನೆಯ ಗದ್ದೆಯಿಂದ ಮತ್ತೆ ಅದೇ ಹೊಳೆಗೆ ಸೇರುತ್ತದೆ.

ಹರಿಯುತ್ತಲೇ ಇರಬೇಕಾದ ಕಾರಣ ಸರಳ. ನೀರು ಬಿಸಿಯಾದರೆ ಗೆಡ್ಡೆ ಕೊಳೆಯುತ್ತದೆ. ಸುಮಾರು 25 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ರೈತರಿಗೆ ಚಿಂತೆ. ಅದಕ್ಕಾಗಿ ಎಕರೆಗೆ ದಿನಕ್ಕೆ ಒಂದು ಲಕ್ಷ ಗ್ಯಾಲನ್‌ಗಿಂತ ಹೆಚ್ಚು ನೀರು ಹಾಯಬೇಕು ಎಂದು ಕೇಳುತ್ತಾರೆ. ಸುಮಾರು ಮೂರು ಲಕ್ಷ ಎಂಬತ್ತು ಸಾವಿರ ಲೀಟರ್. ಕೇಳಿದವರು ಹೌಹಾರುತ್ತಾರೆ. ಆದರೆ ಗಿಡ ಕುಡಿಯುವುದು, ಆವಿಯಾಗುವುದು, ಇಂಗುವುದು ಇಷ್ಟನ್ನು ಕಳೆದರೆ ಉಳಿದದ್ದೆಲ್ಲ ಕೆಳಗಿನವರಿಗೆ ಸಿಗುತ್ತದೆ. ಬಳಕೆ ಬೇರೆ, ಹಾಯಿಸುವುದು ಬೇರೆ. ಇಲ್ಲಿನ ನೀರಿನ ಜಗಳಗಳೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ತಿರುಗುತ್ತವೆ.

ಹಂಚಿಕೆಯ ನಿಯಮಗಳ ಬಗ್ಗೆ ನಮಗಿರುವ ಒಳ್ಳೆಯ ಆಧಾರ ಎಮ್ಮಾ ನಕುಇನಾ 1893ರಲ್ಲಿ ಬರೆದದ್ದು. ಆಕೆ ಹವಾಯಿಯವರೇ, ಒವಾಹುವಿನಲ್ಲಿ ನೀರಿನ ಹಕ್ಕುಗಳ ತಕರಾರು ತೀರ್ಮಾನಿಸುವ ಅಧಿಕಾರಿಯಾಗಿದ್ದವರು. ಅವರ ಪ್ರಕಾರ ಯಾವ ಕಾಲುವೆಯೂ ಹೊಳೆಯ ಅರ್ಧಕ್ಕಿಂತ ಹೆಚ್ಚು ನೀರನ್ನು ಎತ್ತುವಂತಿರಲಿಲ್ಲ. ಪಾಲು ನಿಗದಿಯಾಗುತ್ತಿದ್ದುದು ಕಾಲುವೆ ತೋಡುವಾಗ ಎಷ್ಟು ಆಳು ಕಳಿಸಿದ್ದಿರಿ ಎಂಬುದರ ಮೇಲೆ. ಸರದಿ ಪ್ರಕಾರ ಇಷ್ಟು ಹೊತ್ತು ನಿಮಗೆ, ಇಷ್ಟು ಹೊತ್ತು ಅವರಿಗೆ. ಹೂಳೆತ್ತುವ ದಿನ ತಪ್ಪಿಸಿಕೊಂಡರೆ ನೀರಿಗೂ ಕತ್ತರಿ.

ತೂಬು:
ಇದು ನಮ್ಮ ನೀರುಗಂಟಿಯ ಪದ್ಧತಿಯೇ ಅಲ್ಲವೇ? ಸರದಿ, ಹೂಳೆತ್ತುವುದು, ತೂಬಿನ ಬಳಿ ಒಬ್ಬ ಮನುಷ್ಯ. ಕೊನೊಹಿಕಿ ಎಂದರೆ ಅಲ್ಲಿನ ನೀರುಗಂಟಿ ಎಂದುಕೊಂಡರೆ ಆಯಿತು.

ಕಾನೂನುಪುಟ:
ಅಷ್ಟು ಬೇಗ ಸಮೀಕರಿಸಬೇಡಿ ಸರ್. ನೀರುಗಂಟಿ ಊರಿನ ಕೆಳಸ್ತರದ ಕೆಲಸಗಾರ. ಅವನಿಗೆ ಕೊಯ್ಲಿನಲ್ಲಿ ಒಂದಿಷ್ಟು ಧಾನ್ಯ ಸಿಗುತ್ತಿತ್ತು, ಗೌಡರೆದುರು ಅವನು ಕೈಕಟ್ಟಿ ನಿಲ್ಲಬೇಕಿತ್ತು. ಕೊನೊಹಿಕಿ ಒಡೆಯನ ಕಡೆಯ ಆಡಳಿತಗಾರ. ಮಕಹಿಕಿ ಹಬ್ಬದ ಕಾಲದಲ್ಲಿ ಕಪ್ಪಕಾಣಿಕೆ ಒಟ್ಟುಮಾಡುವವನೂ ಅವನೇ, ಬಿಟ್ಟಿ ದುಡಿಮೆಗೆ ಜನರನ್ನು ಕರೆಯುವವನೂ ಅವನೇ. ಹೊಸ ಅರಸ ಬಂದರೆ ಭೂಮಿಯನ್ನೆಲ್ಲ ಮರುಹಂಚಿಕೆ ಮಾಡಿ ತನ್ನವರನ್ನು ಕೂರಿಸುತ್ತಿದ್ದ. ಅದು ಸಮಾನರ ಸಮಾಜವಾಗಿರಲಿಲ್ಲ.

ಗದ್ದೆಬದು ಅವರೇ, ನಿಮ್ಮ ಅನುಮಾನಕ್ಕೆ ಪುಷ್ಟಿ ಕೊಡುವ ಮಾತೊಂದು ನಕುಇನಾ ಅವರ ಅದೇ ಬರಹದಲ್ಲಿದೆ. ನ್ಯಾಯಬದ್ಧವಾಗಿ ಕಟ್ಟಿದ ಒಡ್ಡನ್ನು ಯಾರಾದರೂ ಒಡೆದು ಸಿಕ್ಕಿಬಿದ್ದರೆ ಪಾಲುದಾರರೇ ಅವನನ್ನು ಕೊಂದು, ಅವನು ಒಡೆದ ಕಂಡಿಗೆ ಅವನ ಹೆಣವನ್ನೇ ತುರುಕುತ್ತಿದ್ದರಂತೆ, ಉಳಿದವರಿಗೆ ಎಚ್ಚರಿಕೆಯಾಗಲಿ ಎಂದು. ಸಾಮರಸ್ಯದ ಚಿತ್ರ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ.

ಆ ಹೋಳಿನ ಚಿತ್ರವೂ ಎಲ್ಲ ಕಡೆ ಸರಿಹೊಂದುವುದಿಲ್ಲ. ಬೆಟ್ಟದ ನೆತ್ತಿ ಮುಟ್ಟದ, ಕಡಲು ಮುಟ್ಟದ ಅಹುಪುಆಗಳೂ ಇದ್ದವು. ಹವಾಯಿ ದೊಡ್ಡ ದ್ವೀಪದ ಕೋನಾ ಮತ್ತು ಕೊಹಾಲಾದ ಒಣ ಮಗ್ಗುಲಿನಲ್ಲಿ ಹರಿಯುವ ಹೊಳೆಯೇ ಅಪರೂಪ. ಅಲ್ಲಿ ಮೈಲುಗಟ್ಟಲೆ ತಗ್ಗಿನ ಕಲ್ಲಿನ ಗೋಡೆ ಕಟ್ಟಿ ಮಳೆಯಾಶ್ರಯದಲ್ಲಿ ಗೆಣಸು, ಒಣಭೂಮಿಯ ಕೆಸು, ಜೀಗುಜ್ಜೆ ಬೆಳೆದರು. ಇನ್ನು ನಿಸರ್ಗಕ್ಕೆ ಏಟೇ ಬಿದ್ದಿಲ್ಲ ಎಂಬುದೂ ಸುಳ್ಳು. ಮೊದಲ ಪಾಲಿನೇಷ್ಯನ್ನರ ದೋಣಿಯಲ್ಲಿ ಬಂದ ಇಲಿಗಳು, ಆಮೇಲೆ ಬೆಂಕಿಯಿಟ್ಟು ತೆರವು ಮಾಡಿದ ತಗ್ಗಿನ ಕಾಡುಗಳು, ಹಾರಲಾರದ ದೊಡ್ಡ ಬಾತುಗಳ ಅಳಿವು, ಇವೆಲ್ಲ 1778ರಲ್ಲಿ ಕ್ಯಾಪ್ಟನ್ ಕುಕ್ ಬರುವ ಮೊದಲೇ ನಡೆದುಹೋಗಿದ್ದವು.

ಕನಿಯೊಹೆಯಿಂದ:
ಒಪ್ಪುತ್ತೇನೆ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲೂ ಭಾರವಿದೆ. ಮಕಾಆಯಿನಾನ ಎಂಬ ಸಾಮಾನ್ಯ ಪ್ರಜೆಗಳು ಯುರೋಪಿನ ಜೀತದಾಳುಗಳಂತೆ ನೆಲಕ್ಕೆ ಕಟ್ಟುಬಿದ್ದವರಲ್ಲ. ಕೊನೊಹಿಕಿ ಕಾಟ ಕೊಟ್ಟರೆ ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಕಣಿವೆಗೆ ಹೋಗಬಹುದಿತ್ತು. ದುಡಿಯುವವರು ಬಿಟ್ಟುಹೋದರೆ ನಾಲೆ ಕೆಡುತ್ತದೆ, ನಾಲೆ ಕೆಟ್ಟರೆ ಕಪ್ಪ ಇಲ್ಲ, ಕಪ್ಪ ಇಲ್ಲದಿದ್ದರೆ ಕೊನೊಹಿಕಿಯ ಕುರ್ಚಿ ಉಳಿಯುವುದಿಲ್ಲ. ಜನರನ್ನು ಹಿಂಡಿದ ಒಡೆಯರನ್ನು ಪ್ರಜೆಗಳು ಎದುರಿಸಿ ಕೊಂದ ಕತೆಗಳೂ ಅಲ್ಲಿನ ಮೌಖಿಕ ಪರಂಪರೆಯಲ್ಲಿವೆ.

ಹಿನ್ನೀರು:
ನಾನು ಮೀನುಗಳ ಮೇಲೆ ಕೆಲಸ ಮಾಡಿದವಳು, ಹೀಗಾಗಿ ಹೊಳೆಯಲ್ಲಿ ಅರ್ಧ ನೀರು ಬಿಡುವ ನಿಯಮ ಕಂಡಾಗ ನನಗೆ ಹೊಳೆದದ್ದು ಒಒಪು ಎಂಬ ಮೀನು. ಹವಾಯಿಯ ಸಿಹಿನೀರಿನ ಸ್ಥಳೀಯ ಮೀನುಗಳು ಬೆರಳೆಣಿಕೆಯಷ್ಟು. ಅವುಗಳ ಬದುಕು ವಿಚಿತ್ರ. ಮೊಟ್ಟೆ ಒಡೆಯುವುದು ಹೊಳೆಯಲ್ಲಿ. ಮರಿಗಳು ಪ್ರವಾಹದೊಂದಿಗೆ ಕಡಲಿಗೆ ಕೊಚ್ಚಿಹೋಗಿ ಕೆಲವು ತಿಂಗಳು ಅಲ್ಲಿ ಬೆಳೆಯುತ್ತವೆ. ಆಮೇಲೆ ಸಿಹಿನೀರು ಎಲ್ಲಿ ಕಡಲಿಗೆ ಬೀಳುತ್ತದೋ ಅಲ್ಲಿಂದ ಒಳಹೊಕ್ಕು ಮೇಲೇರುತ್ತವೆ. ಹೊಟ್ಟೆಯ ಕೆಳಗಿನ ಎರಡು ಈಜುರೆಕ್ಕೆಗಳು ಕೂಡಿ ಬಟ್ಟಲಿನಂತಾಗಿವೆ. ಅದನ್ನು ಬಂಡೆಗೆ ಒತ್ತಿ ಹಿಡಿದು, ಬಾಲ ಬಡಿದು, ಮತ್ತೆ ಒತ್ತಿ ಹಿಡಿದು ಜಲಪಾತವನ್ನೇ ಹತ್ತುತ್ತವೆ. ನೊಪಿಲಿ ಎಂಬ ಜಾತಿ ಬಾಯನ್ನೂ ಎರಡನೆಯ ಬಟ್ಟಲಾಗಿ ಬಳಸುತ್ತದೆ. ಹಿಲೊ ಬಳಿಯ 442 ಅಡಿ ಎತ್ತರದ ಅಕಾಕಾ ಜಲಪಾತದ ಮೇಲೂ ಒಒಪು ಸಿಗುತ್ತವೆ. ಮೀನು ಬೆರಳುದ್ದದ್ದು!

ಇಂಥ ಮೀನಿಗೆ ಹೊಳೆ ಬೆಟ್ಟದಿಂದ ಕಡಲವರೆಗೆ ಕಡಿಯದೆ ಹರಿಯಬೇಕು. ನಡುವೆ ನೂರು ಮೀಟರ್ ಒಣಗಿದರೂ ಕತೆ ಮುಗಿಯಿತು, ಮೇಲೆ ಎಷ್ಟೇ ಸಮೃದ್ಧ ಕಾಡಿರಲಿ. ಅರ್ಧ ನೀರು ಬಿಟ್ಟವರಿಗೆ ಒಒಪು ಊಟವೂ ಆಗಿತ್ತು. ಹಾಗಾಗಿ ಅದನ್ನು ಬರೀ ಔದಾರ್ಯ ಎಂದೇನೂ ತಿಳಿಯಬೇಕಿಲ್ಲ.

ಹೊಳೆಯ ಬಾಯಲ್ಲಿರುವ ಮೀನಿನ ಕೊಳದ ಬಗ್ಗೆ ಕನಿಯೊಹೆಯವರು ಹೇಳಲಿ. ಅವರ ಮನೆ ಹತ್ತಿರವೇ ಇರಬೇಕು.

ಕನಿಯೊಹೆಯಿಂದ:
ಹೌದು, ಹೆಎಯಾ. 88 ಎಕರೆಯ ಕೊಳ, ಸುತ್ತಲೂ ಎರಡು ಕಿಲೋಮೀಟರ್ ಉದ್ದದ ಗೋಡೆ. ಆರರಿಂದ ಎಂಟು ಶತಮಾನ ಹಳೆಯದು ಎಂದು ಅಂದಾಜು. ಹೊರಗೂ ಒಳಗೂ ಕರಿಕಲ್ಲಿನ ಎರಡು ಸಾಲು, ನಡುವೆ ಹವಳದ ಚೂರಿನ ಭರ್ತಿ, ಗಾರೆ ಇಲ್ಲ. ಕಲ್ಲಿಗೆ ಕಲ್ಲು ಕಚ್ಚಿಸಿ ಕೂರಿಸಿದ್ದಾರೆ. ಅಲೆ ಬಡಿದಾಗ ನೀರು ಸ್ವಲ್ಪ ಜಿನುಗುತ್ತದೆ, ಗೋಡೆ ನಿಲ್ಲುತ್ತದೆ.

ಗೋಡೆಯಲ್ಲಿ ಅಲ್ಲಲ್ಲಿ ಮಾಕಾಹಾ ಎಂಬ ಕಂಡಿಗಳು. ಮರದ ಗಳುಗಳನ್ನು ಒತ್ತೊತ್ತಾಗಿ ಕಟ್ಟಿದ ಜಾಲರಿ ಅದಕ್ಕೆ ಅಡ್ಡ. ಸಂದು ಎಷ್ಟಿರಬೇಕು ಎಂಬುದರಲ್ಲೇ ಜಾಣ್ಮೆ ಇರುವುದು. ಕಡಲಿನ ಮರಿಮೀನು ನುಸುಳಿ ಒಳಗೆ ಬರುತ್ತದೆ, ಪಾಚಿ ತಿಂದು ದಪ್ಪವಾದ ಮೇಲೆ ಹೊರಹೋಗಲಾಗದು. ಭರತ ಏರುವಾಗ ಹೊಸ ನೀರಿನ ಸೆಳೆತಕ್ಕೆ ಒಳಗಿನ ದೊಡ್ಡ ಮೀನುಗಳೆಲ್ಲ ಕಂಡಿಯ ಬಳಿ ಗುಂಪುಗೂಡುತ್ತವೆ. ಆಗ ಬಲೆ ಹಿಡಿದು ನಿಂತರೆ ಬೇಕಾದಷ್ಟನ್ನು ಆರಿಸಿ ತೆಗೆಯಬಹುದು. ಸಾಕುವುದು ಮುಖ್ಯವಾಗಿ ಅಮಅಮ, ಅಂದರೆ ಮಲೆಟ್ ಮೀನು, ಮತ್ತು ಅವಾ ಎಂಬ ಮಿಲ್ಕ್‌ಫಿಶ್. ಎರಡೂ ಸೊಪ್ಪುಸದೆ ತಿನ್ನುವ ಮೀನುಗಳು, ಹೊರಗಿನಿಂದ ಆಹಾರ ತಂದು ಸುರಿಯಬೇಕಿಲ್ಲ. ಪಾಚಿ ಬೆಳೆಯಲು ಬೇಕಾದ ಸಾರವನ್ನು ಗದ್ದೆಗಳಿಂದ ಬಂದ ಹೊಳೆನೀರೇ ಹೊತ್ತು ತರುತ್ತದೆ. ಈ ದ್ವೀಪಗಳಲ್ಲಿ ಇಂಥ ಕೊಳಗಳು ಒಂದು ಕಾಲಕ್ಕೆ 400ಕ್ಕೂ ಹೆಚ್ಚಿದ್ದವು.

1965ರ ನೆರೆಯಲ್ಲಿ ಹೆಎಯಾ ಗೋಡೆಯ ದೊಡ್ಡ ಭಾಗ ಕೊಚ್ಚಿಹೋಯಿತು. ಹೊರಗಿನಿಂದ ತಂದು ನೆಟ್ಟಿದ್ದ ಮ್ಯಾಂಗ್ರೋವ್ ಗೋಡೆಯನ್ನೆಲ್ಲ ಆವರಿಸಿ ಬೇರಿನಿಂದ ಕಲ್ಲು ಸಡಿಲಿಸಿತು. ನಮ್ಮ ಕರಾವಳಿಯಲ್ಲಿ ಕಾಂಡ್ಲಾಕಾಡನ್ನು ಉಳಿಸಿ ಎನ್ನುತ್ತೇವೆ. ಇಲ್ಲಿ ಅದು ಪರಕೀಯ ಗಿಡ, ಕಡಿಯುವುದೇ ಸೇವೆ. 2001ರಲ್ಲಿ ಪೈಪೈ ಓ ಹೆಎಯಾ ಎಂಬ ಸಂಸ್ಥೆ ಹುಟ್ಟಿತು. ಸ್ಥಳೀಯ ಯುವಕರು ಶುರುಮಾಡಿದ್ದು. ಗರಗಸ ಹಿಡಿದು ಕಡಿಯುವುದು, ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸುವುದು, ಸಾವಿರಾರು ಜನರ ಕೆಲಸ. ಒಡೆದ ಆ ಭಾಗವನ್ನು 2015ರ ಕೊನೆಗೆ ಮುಚ್ಚಿದರು. ಮೇಲ್ಭಾಗದ ಜೌಗಿನಲ್ಲಿ ಇನ್ನೊಂದು ಗುಂಪು ಕಲೊ ಗದ್ದೆಗಳನ್ನು ಮತ್ತೆ ತೆರೆಯುತ್ತಿದೆ. ಕೊಳಕ್ಕೆ ಬರುವ ಹೂಳು ಅಲ್ಲೇ ತಡೆಯಬೇಕಲ್ಲ.

ಗದ್ದೆಬದು:
ಹೆಣ ತುರುಕುವ ಮಾತು ಓದಿ ರಾತ್ರಿ ಊಟ ಸೇರಲಿಲ್ಲ, ಆದರೆ ನಂಬಿಕೆ ಬಂತು! ನೀರಿಗೆ ಅಷ್ಟು ಬೆಲೆ ಕೊಟ್ಟವರ ಕೈಯಿಂದ ಅದು ತಪ್ಪಿದ್ದು ಹೇಗೆ?

ಕಾನೂನುಪುಟ:
ಕಾಗದದಿಂದ. 1848ರಲ್ಲಿ ಮೂರನೆಯ ಕಮೆಹಮೆಹ ಅರಸನ ಕಾಲದಲ್ಲಿ ಮಾಹೆಲೆ ಎಂಬ ಭೂವಿಭಜನೆ ನಡೆಯಿತು. ಅರಸ, ಒಡೆಯರು, ಸರ್ಕಾರ ಎಂದು ನೆಲ ಪಾಲಾಯಿತು. 1850ರ ಕುಲಿಯಾನ ಕಾಯಿದೆಯಲ್ಲಿ ಉಳುವವರೂ ತಮ್ಮ ತುಂಡಿಗೆ ಅರ್ಜಿ ಹಾಕಬಹುದು ಎಂದರು. ಸರ್ವೆ ಆಗಬೇಕು, ಸಾಕ್ಷಿ ಬೇಕು, ಅವಧಿಯೊಳಗೆ ಅರ್ಜಿ ಬೇಕು. ರೋಗರುಜಿನಗಳಿಂದ ಸಾಯುತ್ತಿದ್ದ ಜನ. ಕೊನೆಗೆ ಅವರಿಗೆ ದಕ್ಕಿದ್ದು ಒಟ್ಟು ನೆಲದ ಶೇಕಡಾ ಒಂದಕ್ಕಿಂತ ಕಡಿಮೆ. ಅದೇ ವರ್ಷ ವಿದೇಶಿಯರೂ ಭೂಮಿ ಕೊಳ್ಳಬಹುದು ಎಂದಾಯಿತು.

ಆಮೇಲೆ ಸಕ್ಕರೆ. 1875ರ ಒಪ್ಪಂದದಿಂದ ಹವಾಯಿಯ ಸಕ್ಕರೆಗೆ ಅಮೆರಿಕದಲ್ಲಿ ಸುಂಕ ಹೋಯಿತು, ಕಬ್ಬು ಎಲ್ಲೆಂದರಲ್ಲಿ ಹಬ್ಬಿತು. ಬಿಸಿಲು ಇರುವುದು ದ್ವೀಪದ ಒಣಭಾಗದಲ್ಲಿ, ಮಳೆ ಇರುವುದು ಇನ್ನೊಂದು ಮಗ್ಗುಲಲ್ಲಿ. ಬೆಟ್ಟ ಕೊರೆದು ನೀರನ್ನು ಆಚೆ ಒಯ್ದರು. ಮೌಯಿ ದ್ವೀಪದಲ್ಲಿ ಅಲೆಕ್ಸಾಂಡರ್ ಮತ್ತು ಬಾಲ್ಡ್ವಿನ್ ಅವರ ಮೊದಲ ದೊಡ್ಡ ನಾಲೆ 1878ರಲ್ಲಿ ಹರಿಯಿತು. ಬೆಳೆಯುತ್ತ ಬೆಳೆಯುತ್ತ ಪೂರ್ವ ಮೌಯಿಯ ನಾಲೆಗಳ ಜಾಲ ದಿನಕ್ಕೆ ಸರಾಸರಿ 16 ಕೋಟಿ ಗ್ಯಾಲನ್‌ನಷ್ಟು ಎತ್ತುವ ಮಟ್ಟಕ್ಕೆ ಬಂತು. ಒವಾಹುವಿನಲ್ಲಿ 1916ರಲ್ಲಿ ಮುಗಿದ ವಾಯಾಹೊಲೆ ನಾಲೆಯೂ ಇಂಥದ್ದೇ. ಕಲೊ ಗದ್ದೆಯಿಂದ ನೀರು ಹೊಳೆಗೆ ಮರಳುತ್ತದೆ ಎಂದಿರಲ್ಲ, ಈ ನೀರು ಕಣಿವೆ ದಾಟಿ ಹೋದದ್ದು ಹೋದದ್ದೇ. ಮೇಲೆ ಮಳೆ ಸುರಿಯುತ್ತಿದ್ದರೂ ಕೆಳಗಿನ ಹೊಳೆಯಲ್ಲಿ ಬರೀ ಉರುಟುಕಲ್ಲು. ಗದ್ದೆ ಬಿಟ್ಟು ಜನ ಪೇಟೆ ಸೇರಿದರು. 1893ರಲ್ಲಿ ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಿದವರ ಹಿಂದೆ ಇದೇ ಸಕ್ಕರೆಯ ಹಿತಾಸಕ್ತಿ ಇತ್ತು.

ನನಗೆ ಬಹಳ ಇಷ್ಟವಾದ ಭಾಗ ಮುಂದಿನದು. ಕವಾಯಿ ದ್ವೀಪದ ಹನಪೇಪೆ ಹೊಳೆಯ ನೀರಿನಲ್ಲಿ ನನಗೆಷ್ಟು ನಿನಗೆಷ್ಟು ಎಂದು ದೊಡ್ಡ ಜಮೀನುದಾರರು ತಾವಾಗಿಯೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1973ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಈ ನೀರು ನಿಮ್ಮಲ್ಲಿ ಯಾರದ್ದೂ ಅಲ್ಲ, ಜನರ ಪರವಾಗಿ ರಾಜ್ಯದ ಸುಪರ್ದಿಯಲ್ಲಿರುವ ಸೊತ್ತು ಎಂದುಬಿಟ್ಟಿತು. ಮಾಹೆಲೆಯ ಪಟ್ಟಾ ಕೊಡುವಾಗಲೂ ಅರಸ ನೀರಿನ ಮೇಲಿನ ಹಕ್ಕನ್ನು ಕೊಟ್ಟಿರಲಿಲ್ಲ ಎಂಬುದು ಅದರ ತರ್ಕ. ಬೆಕ್ಕುಗಳು ಬೆಣ್ಣೆಗಾಗಿ ಕಚ್ಚಾಡಿದ ಕತೆಯಲ್ಲಿ ಈ ಸಲ ಬೆಣ್ಣೆ ಮನೆಯವರಿಗೇ ಮರಳಿತು. 1978ರ ಸಂವಿಧಾನ ತಿದ್ದುಪಡಿಯಲ್ಲಿ ಈ ತತ್ತ್ವವೂ, ಮೂಲನಿವಾಸಿಗಳ ಸಾಂಪ್ರದಾಯಿಕ ಹಕ್ಕುಗಳೂ ಸೇರಿದವು. 1987ರಲ್ಲಿ ಜಲಸಂಹಿತೆ, ಜಲ ಆಯೋಗ. 2000ದ ವಾಯಾಹೊಲೆ ತೀರ್ಪು ಇನ್ನೂ ಮುಂದೆ ಹೋಯಿತು: ನೀರನ್ನು ಖಾಸಗಿ ವ್ಯಾಪಾರಕ್ಕೆ ಬಳಸುವವರೇ ತಮ್ಮ ಅಗತ್ಯವನ್ನು ಸಾಬೀತುಪಡಿಸಬೇಕು, ವೈಜ್ಞಾನಿಕ ಮಾಹಿತಿ ಪೂರ್ತಿ ಇಲ್ಲ ಎಂಬುದು ಹೊಳೆಯನ್ನು ಒಣಗಿಸಲು ನೆಪವಾಗಬಾರದು.

ಆದರೆ ತೀರ್ಪು ಬಂದ ಮಾತ್ರಕ್ಕೆ ನೀರು ಬರುವುದಿಲ್ಲ. ಪೂರ್ವ ಮೌಯಿಯ ರೈತರು 27 ಹೊಳೆಗಳಿಗಾಗಿ 2001ರಲ್ಲಿ ಅರ್ಜಿ ಹಾಕಿದರು, ಆಯೋಗದ ತೀರ್ಮಾನ ಬಂದದ್ದು 2018ರಲ್ಲಿ. ಅಷ್ಟರಲ್ಲಿ ದ್ವೀಪದ ಕೊನೆಯ ಸಕ್ಕರೆ ತೋಟ 2016ರಲ್ಲೇ ಬಾಗಿಲು ಹಾಕಿತ್ತು. ನ್ಯಾಯ ಗೆದ್ದಿತೋ, ಸಕ್ಕರೆ ಸೋತಿತೋ, ನೀವೇ ಹೇಳಿ.

ಲೆಕ್ಕಿಗ:
ಭಾವುಕತೆ ಸಾಕು. ಆ ರಾಜ್ಯದ ಜನಸಂಖ್ಯೆ ಹದಿನಾಲ್ಕು ಲಕ್ಷ, ಉಣ್ಣುವ ಅನ್ನದ ಬಹುಪಾಲು ಹಡಗಿನಲ್ಲಿ ಬರುತ್ತದೆ. ಒಂದಷ್ಟು ಕೆಸುವಿನ ಗದ್ದೆಗೆ ಹೊಳೆ ಹೊಳೆಯನ್ನೇ ಬಿಟ್ಟುಕೊಟ್ಟರೆ ಮನೆಗಳಿಗೆ, ಬೇರೆ ಬೆಳೆಗಳಿಗೆ ನೀರೆಲ್ಲಿಂದ? ಹಳೆಯ ವ್ಯವಸ್ಥೆಗೆ ಮರಳುವುದು ಆಗದ ಮಾತು.

ಕನಿಯೊಹೆಯಿಂದ:
ಮರಳಬೇಕೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಕುಡಿಯುವ ನೀರಿನ ಮಾತು ಬಂದಿತಲ್ಲ, ಒವಾಹುವಿನ ಕುಡಿಯುವ ನೀರು ಮುಖ್ಯವಾಗಿ ಅಂತರ್ಜಲದಿಂದ ಬರುತ್ತದೆ. ಅದರ ಮೇಲ್ಭಾಗದಲ್ಲೇ ನೌಕಾಪಡೆ ಎರಡನೆಯ ಮಹಾಯುದ್ಧದ ಕಾಲದ 20 ಇಂಧನ ತೊಟ್ಟಿಗಳನ್ನು ರೆಡ್ ಹಿಲ್‌ನಲ್ಲಿ ಇಟ್ಟುಕೊಂಡಿತ್ತು. 2021ರ ನವೆಂಬರ್‌ನಲ್ಲಿ ಸೋರಿದ ಇಂಧನ ನೌಕಾಪಡೆಯ ವಸತಿಗಳ ನಲ್ಲಿಗೇ ಬಂತು. ಆ ಜಾಲವನ್ನು ನೆಚ್ಚಿದ್ದವರು 90,000ಕ್ಕೂ ಹೆಚ್ಚು ಜನ. ವರ್ಷಗಳಿಂದ ತೊಟ್ಟಿ ಮುಚ್ಚಿ ಎನ್ನುತ್ತಿದ್ದವರಲ್ಲಿ ಮೂಲನಿವಾಸಿಗಳ ಸಂಘಟನೆಗಳಿದ್ದವು. ಅವರು ನೀರಿನ ಬಗ್ಗೆ ಮಾತಾಡಿದರೆ ಭಾವುಕತೆ, ಎಂಜಿನಿಯರು ಮಾತಾಡಿದರೆ ಲೆಕ್ಕ ಎನ್ನುವುದು ಎಷ್ಟು ಸರಿ?

ಕಾನೂನುಪುಟ:
ಮೌಯಿಯ ಲಹೈನಾ ಊರನ್ನೂ ಲೆಕ್ಕಕ್ಕೆ ಸೇರಿಸಿ. ಒಂದು ಕಾಲಕ್ಕೆ ಅರಸರ ರಾಜಧಾನಿ, ನಡುವೆ ಮೊಕುಹಿನಿಯ ಎಂಬ ಕೊಳ, ಅದರಲ್ಲೊಂದು ನಡುಗಡ್ಡೆ. ಸಕ್ಕರೆಗೆ ಹೊಳೆ ತಿರುಗಿಸಿದ ಮೇಲೆ ಕೊಳ ಜೌಗಾಗಿ, ಸೊಳ್ಳೆ ತಾಣವಾಗಿ, ಕೊನೆಗೆ ಮಣ್ಣು ತುಂಬಿ ಆಟದ ಮೈದಾನವಾಯಿತು. ತೋಟ ಮುಚ್ಚಿದ ಮೇಲೆ ಪಾಳುಬಿದ್ದ ಕಬ್ಬಿನ ನೆಲದಲ್ಲಿ ಆಫ್ರಿಕಾದ ಹುಲ್ಲು ಆಳೆತ್ತರ ಬೆಳೆಯಿತು. 2023ರ ಆಗಸ್ಟ್ 8ರಂದು ಬಿರುಗಾಳಿಗೆ ಹರಿದ ವಿದ್ಯುತ್ ತಂತಿಯ ಕಿಡಿ ಆ ಹುಲ್ಲಿಗೆ ಬಿದ್ದದ್ದು, ನೂರಕ್ಕೂ ಹೆಚ್ಚು ಜನ ಸತ್ತದ್ದು ಎಲ್ಲರಿಗೂ ಗೊತ್ತು. ಗಾಳಿಯೇ ಮುಖ್ಯ ಕಾರಣ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ನೀರು ಹಾಯುವ ಗದ್ದೆಗಳಿದ್ದಿದ್ದರೆ ಬೆಂಕಿಗೆ ಅಷ್ಟು ಒಣಹುಲ್ಲು ಸಿಗುತ್ತಿರಲಿಲ್ಲ.

ಕೆಸವಿನಮಡಿ:
ಪತ್ರೊಡೆಗೆ ಎಲೆ ಕೊಯ್ಯುವವಳಾದ್ದರಿಂದ ಈ ಚರ್ಚೆಗೆ ತಡವಾಗಿಯಾದರೂ ಬಂದೆ. ಅವರಿಗೆ ಕಲೊ ಬರೀ ತರಕಾರಿಯಲ್ಲ ಎಂಬುದನ್ನು ಯಾರೂ ಹೇಳಲಿಲ್ಲವಲ್ಲ. ವಾಕೆಯಾ ಮತ್ತು ಹೊಒಹೊಕುಕಲಾನಿ ದಂಪತಿಯ ಮೊದಲ ಕೂಸು ಹುಟ್ಟುತ್ತಲೇ ಸತ್ತಿತ್ತು. ಹೂತ ಜಾಗದಲ್ಲಿ ಕಲೊ ಗಿಡ ಹುಟ್ಟಿತು. ಎರಡನೆಯ ಮಗು ಹಾಲೊವ, ಅವನಿಂದಲೇ ಮನುಷ್ಯರು. ಅಂದರೆ ಗಿಡ ಅಣ್ಣ, ಮನುಷ್ಯ ತಮ್ಮ. ಅಣ್ಣ ಅನ್ನ ಹಾಕುತ್ತಾನೆ, ತಮ್ಮ ಆರೈಕೆ ಮಾಡಬೇಕು.

ಹವಾಯಿ ವಿಶ್ವವಿದ್ಯಾಲಯ ತಾನು ಸಂಕರಿಸಿದ ಮೂರು ಕಲೊ ತಳಿಗಳಿಗೆ ಪೇಟೆಂಟ್ ಪಡೆದಾಗ ರೈತರು ಸಿಟ್ಟಿಗೆದ್ದದ್ದು ಇದೇ ಕಾರಣಕ್ಕೆ. ಅಣ್ಣನಿಗೆ ಪೇಟೆಂಟ್ ಮಾಡಿಸುವುದು ಹೇಗೆ? 2006ರಲ್ಲಿ ವಿಶ್ವವಿದ್ಯಾಲಯ ಆ ಹಕ್ಕುಗಳನ್ನು ಬಿಟ್ಟುಕೊಟ್ಟಿತು.

ತೂಬು:
ಕೊನೆಯದಾಗಿ ಒಂದು ಉಪಯೋಗದ ಪ್ರಶ್ನೆ. ಮಗಳು ಅಮೆರಿಕದಲ್ಲಿದ್ದಾಳೆ, ರಜೆಗೆ ಎಲ್ಲರೂ ಹವಾಯಿಗೆ ಹೋಗುವ ಮಾತಿದೆ. ಇದನ್ನೆಲ್ಲ ಕಣ್ಣಾರೆ ನೋಡಬಹುದೇ?

ಕನಿಯೊಹೆಯಿಂದ:
ನೋಡುವುದಕ್ಕಿಂತ ಕೆಲಸ ಮಾಡುವುದು ಸುಲಭ. ಹೆಎಯಾದಲ್ಲಿ ಕೆಲವು ಶನಿವಾರ ಸಾರ್ವಜನಿಕರಿಗೆ ಕೆಲಸದ ದಿನ ಇರುತ್ತದೆ, ಮೊದಲೇ ಹೆಸರು ಕೊಡಬೇಕು. ಕೊಳದ ದಡದಲ್ಲಿ ನಿಂತು ಫೋಟೊ ತೆಗೆದು ಹೋಗುವವರನ್ನು ಅವರು ಅಷ್ಟಾಗಿ ಮೆಚ್ಚುವುದಿಲ್ಲ.

ಕವಾಯಿಗೆ ಹೋದರೆ ಹಾಎನಾ. ಅಲ್ಲಿನ ಜನ ತಮ್ಮ ಕಡಲಿಗೆ ತಾವೇ ಮೀನುಗಾರಿಕೆಯ ನಿಯಮ ಬರೆದು, 2015ರಲ್ಲಿ ರಾಜ್ಯದಿಂದ ಕಾನೂನಿನ ಮುದ್ರೆ ಹಾಕಿಸಿಕೊಂಡರು. ರಾಜ್ಯದಲ್ಲಿ ಅದೇ ಮೊದಲು. ಪಕ್ಕದ ಉದ್ಯಾನದಲ್ಲಿ ಹಳೆಯ ಲೊಯಿಗಳನ್ನು ಆ ಕಣಿವೆಯ ಕುಟುಂಬಗಳವರೇ ಮತ್ತೆ ನೆಟ್ಟಿದ್ದಾರೆ. 2018ರ ನೆರೆಯಲ್ಲಿ ರಸ್ತೆ ಕುಸಿದು ಒಂದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು. ಮತ್ತೆ ತೆರೆದಾಗ ಉದ್ಯಾನಕ್ಕೆ ದಿನಕ್ಕೆ 900 ಪ್ರವಾಸಿಗರು ಮಾತ್ರ ಎಂದು ಮಿತಿ ಹಾಕಿದರು. ಹೊರಗಿನವರು ಮುಂಗಡ ಕಾಯ್ದಿರಿಸದೆ ಒಳಗೆ ಬಿಡುವುದಿಲ್ಲ, ಟಿಕೆಟ್ ಬೇಗ ಮುಗಿಯುತ್ತದೆ.

ಗದ್ದೆಗೆ ಇಳಿಯುವ ಮನಸ್ಸಿದ್ದರೆ ಹಳೆಯ ಬಟ್ಟೆ ತನ್ನಿ. ಕಾಲಿನಲ್ಲಿ ಗಾಯವಿದ್ದರೆ ಕೆಸರಿಗೆ ಇಳಿಯಬೇಡಿ. ನಮ್ಮ ಕಡೆಯ ಇಲಿಜ್ವರ ಇಲ್ಲಿಯ ಹೊಳೆಗಳಲ್ಲೂ ಇದೆ.